ಎಷ್ಟು ಸಲ ಜೋಡಿಸಿದರೂ ಮನೆ ಮತ್ತೆ ಹರಡಿಕೊಳ್ಳುವುದು ಯಾಕೆ?

ಪ್ರಶ್ನೆ: ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಎರಡು ಕೋಣೆಯ ಮನೆ. ವರ್ಷಕ್ಕೆ ಎರಡು ಮೂರು ಸಲ ರಜೆ ಹಾಕಿ ಇಡೀ ಮನೆ ಜೋಡಿಸುತ್ತೇನೆ. ಚೆಂದದ ಡಬ್ಬ, ಬುಟ್ಟಿ, ಒಂದು ರ‍್ಯಾಕ್ ಎಲ್ಲ ತಂದಾಯಿತು. ಹದಿನೈದು ದಿನದೊಳಗೆ ಊಟದ ಮೇಜು, ಕುರ್ಚಿ, ಕಿಟಕಿ ಕಟ್ಟೆ ಮತ್ತೆ ತುಂಬಿಕೊಳ್ಳುತ್ತವೆ. ಗಂಡ ಒಂದು ಹಳೇ ವೈರನ್ನೂ ಬಿಸಾಡಲು ಬಿಡುವುದಿಲ್ಲ. ತೀರಿಹೋದ ನನ್ನ ಅಮ್ಮನ ಸಾಮಾನಿನ ಮೂರು ಪೆಟ್ಟಿಗೆ ಅಟ್ಟದಲ್ಲಿವೆ, ಮುಟ್ಟಲು ಮನಸ್ಸು ಬರುವುದಿಲ್ಲ. ಇನ್ನೊಂದು ಬೀರು ಮಾಡಿಸಿದರೆ ಸರಿಹೋಗುತ್ತದಾ?

ಉತ್ತರ: ಬೀರು ಬೇಡ. ಯಾಕೆ ಬೇಡ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಮತ್ತೆ ಮತ್ತೆ ತುಂಬಿಕೊಳ್ಳುವುದು ಮೇಜು, ಕುರ್ಚಿ, ಕಿಟಕಿ ಕಟ್ಟೆ ಅಂತ ನೀವೇ ಬರೆದಿದ್ದೀರಿ. ಅಲ್ಲೆಲ್ಲ ಬಿದ್ದಿರುವುದು ಈ ವಾರ ಬಳಸಿದ ಸಾಮಾನು, ನಿನ್ನೆ ಯಾರದೋ ಕೈಯಲ್ಲಿದ್ದ ಸಾಮಾನು. ಹೊಸ ಬೀರು ಬಂದರೆ ಅದರೊಳಗೆ ಹೋಗುವುದು ಅಟ್ಟದ ಮೇಲಿನದು, ಮಂಚದ ಕೆಳಗೆ ತುರುಕಿದ್ದು. ಮೇಜು ಹಾಗೇ ಇರುತ್ತದೆ. ಸ್ವಲ್ಪ ದಿನಕ್ಕೆ ಬೀರೂ ಭರ್ತಿ, ಮೇಜೂ ಭರ್ತಿ.

ಈ ಸಲ ರಜೆ ಹಾಕಬೇಡಿ. ಏನನ್ನೂ ಎತ್ತಿಡಬೇಡಿ ಕೂಡ. ಒಂದು ವಾರ ದಿನಾ ರಾತ್ರಿ ಮಲಗುವ ಮೊದಲು ಆ ಮೇಜಿನದೊಂದು, ಕುರ್ಚಿಯದೊಂದು ಫೋಟೋ ತೆಗೆದುಕೊಳ್ಳಿ. ವಾರ ಮುಗಿದ ಮೇಲೆ ಗಂಡನನ್ನೂ ಕೂರಿಸಿಕೊಂಡು ನೋಡಿ. ಒಂದೊಂದು ವಸ್ತುವಿನ ಮೇಲೂ ಬೆರಳಿಟ್ಟು "ಇದು ಇಲ್ಲಿ ಯಾಕಿದೆ?" ಅಂತ ಕೇಳಿ. ಯಾರು ಇಟ್ಟರು ಅಂತ ಕೇಳಬೇಡಿ, ಅದು ಜಗಳಕ್ಕೆ ದಾರಿ. ಯಾಕಿದೆ ಅನ್ನುವುದಷ್ಟೇ ಸಾಕು.

ಕೆಲಸದ ಮೇಲೆ ಬೇರೆಯವರ ಮನೆಗೆ ಹೋದಾಗ ನಾನು ಮೊದಲು ನೋಡುವುದು ಇಂಥ ಮೇಜನ್ನೇ. ಸಾಮಾನ್ಯವಾಗಿ ಏನಿರುತ್ತದೆ ಗೊತ್ತಾ? ಒಂದು ಸ್ಕ್ರೂಡ್ರೈವರ್, ಯಾಕೆಂದರೆ ಉಳಿದ ಸಲಕರಣೆಯೆಲ್ಲ ಅಟ್ಟದಲ್ಲಿದೆ, ಅದೊಂದನ್ನು ಇಡಲು ಏಣಿ ಹತ್ತಬೇಕು. ಅರ್ಧ ಮುಗಿದ ಮಾತ್ರೆ ಪಟ್ಟಿ, ಯಾಕೆಂದರೆ ದಿನಾ ತಗೊಳ್ಳಬೇಕು, ಕಣ್ಣಿಗೆ ಕಾಣದಿದ್ದರೆ ಮರೆತುಹೋಗುತ್ತದೆ. ಒಂದು ಬಿಲ್ಲು, ದುಡ್ಡು ಕಟ್ಟಿದೆಯೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ವಾಪಸ್ ಕಳಿಸಬೇಕಾದ ಪಾರ್ಸೆಲ್. ಯಾವ ಬೀಗದ್ದು ಅಂತ ಗೊತ್ತಿಲ್ಲದ ಬೀಗದ ಕೈ. ಇಷ್ಟನ್ನೂ ಬಾಚಿ ಒಂದು ಚೆಂದದ ಬುಟ್ಟಿಗೆ ಹಾಕಿದರೆ ಮೇಜು ಖಾಲಿಯಾಗುತ್ತದೆ, ನಿಜ. ಆದರೆ ನಾಳೆ ಮಾತ್ರೆ ಹುಡುಕುವವರು ಬುಟ್ಟಿಯನ್ನೇ ಮೇಜಿನ ಮೇಲೆ ಸುರಿಯುತ್ತಾರೆ.

ಇದರಲ್ಲಿ ಒಂದೊಂದಕ್ಕೂ ಬೇರೆ ಬೇರೆ ಔಷಧಿ. ಸ್ಕ್ರೂಡ್ರೈವರಿಗೆ ಜಾಗ ಇದೆ, ದೂರ ಇದೆ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಬೇಕಾಗುವ ನಾಲ್ಕೈದು ಸಲಕರಣೆಯನ್ನು ಬೇರೆ ಮಾಡಿ ಕೈಗೆ ಸಿಗುವ ಡ್ರಾಯರಿಗೆ ತನ್ನಿ, ಡ್ರಿಲ್ಲು ಗಿಲ್ಲು ಅಟ್ಟದಲ್ಲೇ ಇರಲಿ. ಮಾತ್ರೆಗೆ ಜಾಗವೇ ಇಲ್ಲ. ನೀರು ಕುಡಿಯುವ ಜಾಗದ ಪಕ್ಕ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಮುಚ್ಚಳವಿಲ್ಲದ ಒಂದು ಸಣ್ಣ ತಟ್ಟೆ ಇಡಿ. ಬಚ್ಚಲಿನ ಗೂಡು ಬೇಡ, ಒಲೆ ಪಕ್ಕವೂ ಬೇಡ. ಹಬೆ, ಬಿಸಿ ಎರಡೂ ಔಷಧಿಯನ್ನು ಬೇಗ ಕೆಡಿಸುತ್ತವೆ. ಬಿಲ್ಲಿಗೆ ಜಾಗ ಕೊಟ್ಟು ಪ್ರಯೋಜನವಿಲ್ಲ, ಅದಕ್ಕೆ ಬೇಕಿರುವುದು ಒಂದು ತೀರ್ಮಾನ. ಈಗಲೇ ನೋಡಿ, ಕಟ್ಟಿ, ಹರಿದುಹಾಕಿ. ಪಾರ್ಸೆಲ್ಲು ಬಾಗಿಲ ಪಕ್ಕ ಹೋಗಬೇಕು, ಚಪ್ಪಲಿ ಹಾಕಿಕೊಳ್ಳುವಾಗ ಕಾಲಿಗೆ ತಾಗುವ ಹಾಗೆ. ಬೀಗದ ಕೈಯನ್ನು ಮನೆಯ ಎಲ್ಲ ಬೀಗಕ್ಕೂ ಒಂದು ಸಲ ಹಾಕಿ ನೋಡಿ, ಯಾವುದಕ್ಕೂ ಆಗದಿದ್ದರೆ ಅದನ್ನು ಬಿಸಾಡಿ.

ಈಗ ಮುಖ್ಯ ವಿಷಯ. ಡಬ್ಬ, ಬುಟ್ಟಿ ಕೊಳ್ಳುವಾಗ ನಾವೆಲ್ಲ ಯೋಚಿಸುವುದು ಬೇಕಾದಾಗ ವಸ್ತು ಸಿಗುತ್ತದಾ ಅಂತ. ಸಿಕ್ಕೇ ಸಿಗುತ್ತದೆ, ಬೇಕಾದಾಗ ನಾಲ್ಕು ಡಬ್ಬ ಸರಿಸಿಯಾದರೂ ತೆಗೆಯುತ್ತೀರಿ, ಯಾಕೆಂದರೆ ಆಗ ಅದು ಬೇಕು. ವಾಪಸ್ ಇಡುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ, ಸುಸ್ತಾಗಿರುತ್ತದೆ, ಫೋನು ಹೊಡೆದುಕೊಳ್ಳುತ್ತಿರುತ್ತದೆ. ಆಗ ನಾಲ್ಕು ಡಬ್ಬ ಯಾರು ಸರಿಸುತ್ತಾರೆ? ಆದ್ದರಿಂದ ಜಾಗ ಮಾಡುವಾಗ ತೆಗೆಯುವುದನ್ನು ಮರೆತು ಇಡುವುದನ್ನು ಮಾತ್ರ ಯೋಚಿಸಿ.

ಒಂದು ಕತ್ತರಿ ತಗೊಳ್ಳಿ. ಬೀರಿನ ಬಾಗಿಲು ತೆಗೆಯಬೇಕು, ಮೇಲಿನ ಡಬ್ಬ ಇಳಿಸಬೇಕು, ಕೆಳಗಿನದರ ಮುಚ್ಚಳ ತೆಗೆಯಬೇಕು, ಕತ್ತರಿ ಹಾಕಬೇಕು, ಮುಚ್ಚಳ ಹಾಕಬೇಕು, ಮೇಲಿನ ಡಬ್ಬ ಮತ್ತೆ ಏರಿಸಬೇಕು, ಬಾಗಿಲು ಹಾಕಬೇಕು. ಏಳು ಕೆಲಸ, ಎರಡೂ ಕೈ ಬೇಕು. ಅದೇ ಕತ್ತರಿಗೆ ಗೋಡೆ ಮೇಲೆ ಒಂದು ಮೊಳೆ ಹೊಡೆದರೆ ಒಂದೇ ಕೆಲಸ, ಒಂದೇ ಕೈ. ಮೊಳೆ ಫೋಟೋದಲ್ಲಿ ಚೆಂದ ಕಾಣುವುದಿಲ್ಲ, ಅಲ್ವಾ? ಆದರೆ ಕತ್ತರಿ ಅಲ್ಲೇ ಇರುತ್ತದೆ. ದಿನಾ ಬಳಸುವುದಕ್ಕೆ ಮುಚ್ಚಳ ಇರಬಾರದು, ಒಂದರ ಮೇಲೊಂದು ಇರಬಾರದು, ಅದರ ಮುಂದೆ ಇನ್ನೊಂದು ವಸ್ತು ನಿಂತಿರಬಾರದು. ನಿಮ್ಮ ಚೆಂದದ ಡಬ್ಬಗಳನ್ನು ಬಿಸಾಡಬೇಡಿ, ಆರು ತಿಂಗಳಿಗೊಮ್ಮೆ ಬೇಕಾಗುವುದಕ್ಕೆ ಬಳಸಿ. ದಿನದ ಸಾಮಾನಿರುವ ಡಬ್ಬದ ಮುಚ್ಚಳ ಮಾತ್ರ ತೆಗೆದು ಬದಿಗಿಡಿ.

ಕುರ್ಚಿ ಮೇಲೆ ಬಟ್ಟೆ ಗುಡ್ಡೆಯಾಗುವುದಕ್ಕೂ ಇದೇ ಕಾರಣ. ಎರಡು ಗಂಟೆ ಹಾಕಿಕೊಂಡ ಅಂಗಿ ಕೊಳೆಯಾಗಿಲ್ಲ, ಒಗೆಯಲು ಹಾಕುವ ಹಾಗಿಲ್ಲ. ಮಡಚಿಟ್ಟ ಬಟ್ಟೆ ಜೊತೆ ಸೇರಿಸಲೂ ಮನಸ್ಸಿಲ್ಲ. ಹೆಚ್ಚಿನ ಬೀರುಗಳಲ್ಲಿ ಇಂಥ ಬಟ್ಟೆಗೆ ಒಂದು ಗೇಣು ಜಾಗವೂ ಇರುವುದಿಲ್ಲ, ಅದು ಪಾಪ ಕುರ್ಚಿಗೇ ಹೋಗಬೇಕು. ಬಾಗಿಲ ಹಿಂದೆ ಒಬ್ಬೊಬ್ಬರಿಗೆ ಮೂರು ಹುಕ್ಕು ಹಾಕಿ. ಮೂರೇ. ನಾಲ್ಕನೆಯ ಬಟ್ಟೆ ಬಂದಾಗ ಮೊದಲಿನದು ಒಗೆಯಲು ಹೋಗಲಿ. ಮಕ್ಕಳ ಹುಕ್ಕು ಅವರ ಭುಜದ ಎತ್ತರಕ್ಕೆ ಇರಲಿ. ನಿಮ್ಮ ಎತ್ತರಕ್ಕೆ ಹಾಕಿ, ಅವರು ನೇತುಹಾಕುವುದಿಲ್ಲ ಅಂತ ಬೈಯುವುದರಲ್ಲಿ ಅರ್ಥವಿಲ್ಲ.

ಎತ್ತರದ ಮಾತು ಬಂತಲ್ಲ. ಮೊಣಕಾಲಿನಿಂದ ಭುಜದವರೆಗಿನ ಜಾಗ ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಜಾಗ. ಹೆಚ್ಚು ಬಗ್ಗದೆ, ಚಾಚದೆ ಕೈ ಹೋಗುವುದು ಅಷ್ಟಕ್ಕೇ. ನಿಮ್ಮ ಮನೆಯಲ್ಲಿ ಈಗ ಅಲ್ಲಿ ಏನಿದೆ ನೋಡಿ. ಬಹಳಷ್ಟು ಮನೆಗಳಲ್ಲಿ ಅತಿಥಿಗಳು ಬಂದಾಗ ತೆಗೆಯುವ ಪಾತ್ರೆ, ಯಾರೂ ಓದದ ಪುಸ್ತಕ, ಬಹುಮಾನದ ಫಲಕ ಕೂತಿರುತ್ತವೆ. ಅವನ್ನೆಲ್ಲ ಮೇಲೆ ಕಳಿಸಿ. ಭಾರದ್ದು ಮಾತ್ರ ಕೆಳಗೇ ಇರಬೇಕು, ಅಟ್ಟಕ್ಕೆ ಬೇಡ. ಎತ್ತರದ ರ‍್ಯಾಕ್ ಇದ್ದರೆ ಗೋಡೆಗೆ ಕ್ಲಾಂಪ್ ಹಾಕಿ ಬಿಗಿಸಿ. ಮಕ್ಕಳು ಏಣಿಯ ಥರ ಹತ್ತುತ್ತಾರೆ, ರ‍್ಯಾಕ್ ಮಗುಚಿ ಮೈಮೇಲೆ ಬೀಳುವ ಅಪಾಯ ನಿಜವಾಗಿಯೂ ಇದೆ.

ಇನ್ನು ಆಳ. ಬಟ್ಟೆ ನೇತುಹಾಕುವ ಬೀರು ಸುಮಾರು 60 ಸೆಂಟಿಮೀಟರ್ ಆಳ ಇರುತ್ತದೆ, ಹ್ಯಾಂಗರ್ ಅಡ್ಡಡ್ಡ ಹಿಡಿಯಬೇಕಲ್ಲ. ಅದೇ ಆಳದಲ್ಲಿ ಬರೀ ಹಲಗೆ ಹಾಕಿ ಸಣ್ಣ ಸಾಮಾನು ಇಟ್ಟರೆ ಎರಡು ಸಾಲಾಗುತ್ತದೆ, ಹಿಂದಿನ ಸಾಲು ಮನೆಯವರ ಪಾಲಿಗೆ ಇಲ್ಲದ ಹಾಗೆ. ಅಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಅದನ್ನೇ ಮತ್ತೆ ಕೊಂಡು ತಂದು ಮುಂದಿನ ಸಾಲಿಗೆ ಇಡುತ್ತೀರಿ. ಪುಸ್ತಕಕ್ಕೆ, ಡಬ್ಬಿಗಳಿಗೆ 30 ಸೆಂಟಿಮೀಟರ್ ಆಳ ಸಾಕು. ಆಳದ ಹಲಗೆ ಈಗಾಗಲೇ ಇದ್ದರೆ ಉದ್ದನೆಯ ಬುಟ್ಟಿ ಇಟ್ಟು ಡ್ರಾಯರಿನ ಥರ ಎಳೆಯುವ ಹಾಗೆ ಮಾಡಿಕೊಳ್ಳಿ.

ಸರಿ, ಇಷ್ಟು ಮಾಡಿದರೂ ಜಾಗಕ್ಕಿಂತ ಸಾಮಾನು ಜಾಸ್ತಿ ಇರುತ್ತದೆ. ಕಡಿಮೆ ಮಾಡಲೇಬೇಕು. ಇಲ್ಲಿ ಎಲ್ಲರೂ ಬೀರು ಪೂರ್ತಿ ಖಾಲಿ ಮಾಡಿ ಮಂಚದ ಮೇಲೆ ಗುಡ್ಡೆ ಹಾಕುತ್ತಾರೆ. ಮಧ್ಯಾಹ್ನದವರೆಗೆ ಉತ್ಸಾಹ, ಸಂಜೆಗೆ ತಲೆ ಓಡುವುದಿಲ್ಲ, ರಾತ್ರಿ ಮಲಗಲು ಮಂಚ ಬೇಕು ಅಂತ ಎಲ್ಲವನ್ನೂ ವಾಪಸ್ ತುರುಕುವುದು. ಬೇಡ. ಒಂದು ಡ್ರಾಯರ್, ಅರ್ಧ ಗಂಟೆ, ಅಷ್ಟೇ. ಇಲ್ಲವೇ ಒಂದೇ ಜಾತಿಯ ಸಾಮಾನನ್ನು ಮನೆ ತುಂಬ ಓಡಾಡಿ ಒಂದು ಕಡೆ ಸೇರಿಸಿ. ಪೆನ್ನುಗಳೆಲ್ಲ ಒಂದು ಕಡೆ, ಬಟ್ಟೆ ಚೀಲಗಳೆಲ್ಲ ಒಂದು ಕಡೆ. ಐದು ಟಾರ್ಚು ಸಾಲಾಗಿ ಮಲಗಿರುವುದನ್ನು ಕಂಡಾಗ ಯಾರೂ ವಾದ ಮಾಡುವುದಿಲ್ಲ, ಉರಿಯುವ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ತಾವೇ ತೆಗೆಯುತ್ತಾರೆ.

ಬಿಡಲು ಕಷ್ಟ ಆಗುವುದಕ್ಕೆ ಮನಸ್ಸಿನದೂ ಒಂದು ಆಟ ಇದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಒಂದೊಂದು ಸಾಧಾರಣ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಮಗ್ ಅದೇ, ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು, ಅಷ್ಟೇ! ಇನ್ನು ಹತ್ತು ವರ್ಷ ಮನೆಯಲ್ಲಿದ್ದ ವಸ್ತುವಿನ ಬಗ್ಗೆ ಕೇಳಬೇಕಾ. ಅದಕ್ಕೇ "ಬಿಡಲಾ?" ಅಂತ ಕೇಳಿಕೊಂಡರೆ ಮನಸ್ಸು ಯಾವಾಗಲೂ ಬೇಡ ಅನ್ನುತ್ತದೆ. ಪ್ರಶ್ನೆಯನ್ನು ತಿರುಗಿಸಿ. ಇದು ನಿನ್ನೆ ಕಳೆದುಹೋಗಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ? ಬಟ್ಟೆಗೆ, ಪಾತ್ರೆಗೆ, ಆಟಿಕೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

"ಮುಂದೆ ಬೇಕಾಗಬಹುದು" ಅನ್ನುವುದು ಇನ್ನೊಂದು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಕೆಲವು ಸಲ ನಿಜಕ್ಕೂ ಬೇಕಾಗುತ್ತದೆ. ತೊಂದರೆ ಏನೆಂದರೆ ಸುಮ್ನೆ ಇಟ್ಟ ವಸ್ತು ಸುಮ್ನೆ ಇರುವುದಿಲ್ಲ. ಚೆನ್ನಾಗಿದೆ ಅಂತ ಎತ್ತಿಟ್ಟ ಬೂಟಿನ ಅಡಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದಾದರೆ, ಗಾಳಿಯಲ್ಲಿರುವ ತೇವಕ್ಕೇ ಒಳಗೊಳಗೆ ಒಡೆಯುತ್ತಾ ಹೋಗುತ್ತದೆ. ಕೆಲವು ವರ್ಷ ಬಿಟ್ಟು ಹಾಕಿಕೊಂಡು ಹೊರಟರೆ ದಾರಿಯಲ್ಲೇ ಪುಡಿಪುಡಿಯಾಗಿ ಉದುರುತ್ತದೆ, ಒಂದು ದಿನವೂ ಹಾಕಿರದಿದ್ದರೂ. ಇಲಾಸ್ಟಿಕ್ ಜೋಲುತ್ತದೆ. ಗೋಂದು, ಸಂದು ಮುಚ್ಚುವ ಸೀಲಂಟ್ ಟ್ಯೂಬಿನಲ್ಲೇ ಗಟ್ಟಿಯಾಗುತ್ತವೆ. ಆಟಿಕೆಯೊಳಗೆ ಮರೆತ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟುತ್ತದೆ, ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ವಾರಂಟಿಗೆ ಅಂತ ಇಟ್ಟ ರಸೀದಿ ಬಿಸಿಗೆ ಮೂಡುವ ನುಣುಪು ಕಾಗದದ್ದಾದರೆ, ಬೇಕಾಗುವ ಹೊತ್ತಿಗೆ ಬಿಳಿ ಹಾಳೆಯಾಗಿರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ ಮಾಸಬಹುದು. ಕೊಂಡ ದಿನವೇ ಫೋಟೋ ತೆಗೆದಿಡಿ. ಹೀಗಿರುವಾಗ "ಮುಂದೆ" ಅಂತ ಇಡುವುದಕ್ಕೆ ಒಂದು ತಾರೀಖು ಹಾಕುವುದು ಒಳ್ಳೆಯದು. ಪೆಟ್ಟಿಗೆ ಮೇಲೆ ದಪ್ಪ ಪೆನ್ನಿನಲ್ಲಿ ತಿಂಗಳು, ವರ್ಷ ಬರೆಯಿರಿ. ಒಂದು ವರ್ಷ ಅದು ತೆರೆಯದೇ ಇದ್ದರೆ ಮುಂದಿನ ನಿರ್ಧಾರ ಸುಲಭ.

ಇನ್ನು ನಿಮ್ಮ ಗಂಡನ ವೈರು. ಅವರಿಲ್ಲದಾಗ ಬಿಸಾಡಬೇಡಿ, ದಯವಿಟ್ಟು. ಮುಂದಿನ ವಾರ ಅದೇ ವೈರು ಬೇಕಾಗುತ್ತದೆ, ಎಲ್ಲ ಮನೆಯಲ್ಲೂ ಹಾಗೇ ಆಗುವುದು! ಅದಾದ ಮೇಲೆ ಅವರು ಒಂದು ರಬ್ಬರ್ ಬ್ಯಾಂಡನ್ನೂ ಬಿಟ್ಟುಕೊಡುವುದಿಲ್ಲ. ಅದರ ಬದಲು ಅವರನ್ನೇ ಈ ಕೆಲಸಕ್ಕೆ ಕೂರಿಸಿ. ವೈರು, ಅಡಾಪ್ಟರ್ ಎಲ್ಲ ನೆಲಕ್ಕೆ ಸುರಿದು, ಮನೆಯಲ್ಲಿ ಈಗ ಇರುವ ಒಂದೊಂದು ಯಂತ್ರಕ್ಕೂ ಅದರದನ್ನು ಹೊಂದಿಸಿ. ಹೊಂದಿದ್ದಕ್ಕೆ ಪಟ್ಟಿ ಅಂಟಿಸಿ ಹೆಸರು ಬರೆಯಿರಿ: ರೌಟರ್, ಗಡ್ಡದ ಮಿಷನ್, ಹಳೇ ಸ್ಪೀಕರ್. ಅಡಾಪ್ಟರ್ ಬೆನ್ನ ಮೇಲೆ ಔಟ್‌ಪುಟ್ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಅಚ್ಚಾಗಿರುತ್ತದೆ. ವೋಲ್ಟ್ ಯಂತ್ರ ಕೇಳುವಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇರಬಹುದು, ಪಿನ್ನಿನ ಪ್ಲಸ್ ಮೈನಸ್ ಗುರುತು ತಾಳೆಯಾಗಬೇಕು. ಈ ಮೂರೂ ಸೇರದ ಅಡಾಪ್ಟರನ್ನು "ಏನಕ್ಕಾದರೂ ಆಗುತ್ತದೆ" ಅಂತ ಇಟ್ಟುಕೊಂಡರೆ ಒಂದು ದಿನ ಯಾವುದೋ ಯಂತ್ರ ಸುಟ್ಟುಹೋಗುತ್ತದೆ. ಯಂತ್ರವೇ ಮನೆ ಬಿಟ್ಟುಹೋಗಿ ವೈರು ಮಾತ್ರ ಉಳಿದಿರುವುದು ಎಷ್ಟಿದೆ ಅಂತ ಅವರೇ ಕಂಡುಕೊಳ್ಳಲಿ. ಉಳಿದದ್ದಕ್ಕೆ ಅವರದೇ ಒಂದು ಪೆಟ್ಟಿಗೆ. ಅದರೊಳಗೆ ಏನಾದರೂ ಇರಲಿ, ನೀವು ಇಣುಕಬೇಡಿ. ಮುಚ್ಚಳ ಹಾಕಲು ಬರಬೇಕು, ಅಷ್ಟೇ ನಿಯಮ.

ಇಷ್ಟಕ್ಕೇ ಅವರಿಗೆ ಏನೋ ಕಾಯಿಲೆ ಅಂತ ಯೋಚಿಸಬೇಡಿ. ಸಾಮಾನು ಕೂಡಿಡುವ ಕಾಯಿಲೆ ಅಂತ ಒಂದು ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಮಂಚದಲ್ಲಿ ಮಲಗಲಾಗದಷ್ಟು, ಅಡುಗೆಮನೆಯಲ್ಲಿ ಅಡುಗೆ ಮಾಡಲಾಗದಷ್ಟು ಸಾಮಾನು, ಒಂದು ಹಳೇ ಪೇಪರ್ ಬಿಡಲೂ ತಡೆಯಲಾರದ ಸಂಕಟ ಇದ್ದರೆ ಆಗ ವೈದ್ಯರ ಸಹಾಯ ಬೇಕು. ನಿಮ್ಮ ಪತ್ರ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ.

ಅಮ್ಮನ ಪೆಟ್ಟಿಗೆಗಳಿಗೆ ಕೊನೆಗೆ ಬನ್ನಿ. ಮೇಜು, ಹುಕ್ಕು, ಡ್ರಾಯರು ಎಲ್ಲ ಒಂದು ಹದಕ್ಕೆ ಬಂದ ಮೇಲೆ. ತೀರ್ಮಾನ ಮಾಡುವುದೂ ಅಭ್ಯಾಸದಿಂದ ಬರುತ್ತದೆ, ಫೋಟೋ, ಪತ್ರಗಳಿಂದ ಶುರು ಮಾಡಿದವರು ಒಂದೂ ಬಿಡಲಾಗದೆ ಅಳುತ್ತಾ ಮೇಲೇಳುತ್ತಾರೆ. ಆದರೆ ಒಂದು ಕೆಲಸ ಮಾತ್ರ ಈ ವಾರವೇ ಮಾಡಿ: ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ. ಯಾವುದು ಇಡುವುದು, ಯಾವುದು ಬಿಡುವುದು ಅಂತ ಈಗಲೇ ಆರಿಸಲು ಹೋಗಬೇಡಿ. ಮೇಲಿನ ಬಿಸಿ, ತೇವ ಫೋಟೋಗಳಿಗೂ ಬಟ್ಟೆಗೂ ಕೆಟ್ಟದ್ದು. ರಟ್ಟಿನ ಪೆಟ್ಟಿಗೆಯಾದರೆ ಜಿರಲೆ, ಕಾಗದ ತಿನ್ನುವ ಹುಳ ಸೇರಿರಬಹುದು. ಹಾಳಾಗಿರುವುದು ಬೇರೆ ಮಾಡಿ, ಉಳಿದದ್ದನ್ನು ಒಣಗಿದ, ಮುಚ್ಚಳ ಬಿಗಿಯಾದ ಪೆಟ್ಟಿಗೆಗೆ ಹಾಕಿ, ಕೋಣೆಯೊಳಗೇ ಇಡಿ. ಅಂಟು ಹಾಳೆಯ ಹಳೇ ಆಲ್ಬಮ್ ಇದ್ದರೆ ಫೋಟೋಗಳನ್ನು ಅದರಲ್ಲೇ ಬಿಡಬೇಡಿ. ಆ ಅಂಟು ವರ್ಷ ಹೋದಂತೆ ಫೋಟೋದ ಬೆನ್ನನ್ನು ತಿನ್ನುತ್ತದೆ. ಸುಲಭಕ್ಕೆ ಬಾರದಿದ್ದರೆ ಎಳೆಯಬೇಡಿ, ಹಾಳೆಯಲ್ಲಿರುವ ಹಾಗೇ ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಆರಿಸುವ ದಿನ ಒಬ್ಬರೇ ಕೂರಬೇಡಿ. ಅಕ್ಕನೋ ತಮ್ಮನೋ ಇದ್ದರೆ ಕರೆಯಿರಿ. ಏನು ಬಿಡಬೇಕು ಅಂತ ಹುಡುಕುವುದಕ್ಕಿಂತ, ಯಾವುದನ್ನು ದಿನದ ಬಳಕೆಗೆ ತರಬಹುದು ಅಂತ ಹುಡುಕಿ. ಅಮ್ಮನ ಕನ್ನಡಕದ ಡಬ್ಬಿಯಲ್ಲಿ ನಿಮ್ಮ ಸೂಜಿ ದಾರ ಇರಬಹುದು, ಅವರ ಶಾಲು ನಿಮ್ಮ ಕುರ್ಚಿ ಮೇಲೆ ಇರಬಹುದು. ಅವರು ಇಟ್ಟುಕೊಂಡಿದ್ದರು ಅನ್ನುವ ಕಾರಣಕ್ಕೆ ಅವರ ಹಳೇ ಬಿಲ್ಲು, ಮುರಿದ ಗಡಿಯಾರವನ್ನು ನೀವೂ ಇಟ್ಟುಕೊಳ್ಳಬೇಕಾಗಿಲ್ಲ. ಮೂರು ಪೆಟ್ಟಿಗೆ ಒಂದಾದರೆ ಒಳ್ಳೆಯದು, ಎರಡಾದರೂ ತಪ್ಪೇನಿಲ್ಲ. ನಾನಾಗಿದ್ದರೆ ಇದರಲ್ಲಿ ಜಾಗದ ಲೆಕ್ಕ ಹಾಕುತ್ತಿರಲಿಲ್ಲ.

ಬೇಡ ಅಂತ ತೆಗೆದಿಟ್ಟಿದ್ದು ಅದೇ ವಾರ ಮನೆ ದಾಟಬೇಕು. ಬಾಗಿಲ ಪಕ್ಕ "ಯಾರಿಗಾದರೂ ಕೊಡೋಣ" ಅಂತ ಕೂತ ಚೀಲ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಆಮೇಲೆ ಮಕ್ಕಳು ಒಂದೊಂದಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಕೊಡುವುದಾದರೆ ನೀವೇ ಹಾಕಿಕೊಳ್ಳುವಂಥ ಬಟ್ಟೆ, ಕೆಲಸ ಮಾಡುವ ಯಂತ್ರ ಮಾತ್ರ ಕೊಡಿ. ಹರಿದದ್ದು, ಮುರಿದದ್ದು ಕೊಟ್ಟರೆ ನಿಮ್ಮ ಕಸವನ್ನು ಬೇರೆಯವರ ಮನೆಗೆ ಸಾಗಿಸಿದಂತೆ. ಅವಧಿ ಮೀರಿದ ಔಷಧಿಯನ್ನು ಸಿಂಕಿಗೆ ಸುರಿಯಬೇಡಿ. ಕೆಲವು ಕಡೆ ಔಷಧಿ ಅಂಗಡಿಯವರೇ ವಾಪಸ್ ತಗೊಳ್ಳುತ್ತಾರೆ, ಕೇಳಿ ನೋಡಿ. ಫೋನು, ಪವರ್ ಬ್ಯಾಂಕ್ ಬ್ಯಾಟರಿಗಳು ಮಾಮೂಲಿ ಕಸಕ್ಕೆ ಹೋಗಬಾರದು. ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ತುದಿಗೆ ಟೇಪ್ ಸುತ್ತಿ, ಇ-ಕಸ ತೆಗೆದುಕೊಳ್ಳುವ ಕಡೆ ಕೊಡಿ. ಊದಿಕೊಂಡ ಬ್ಯಾಟರಿ ಕಂಡರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಮೊದಲು ಅದನ್ನು ಸಾಗಹಾಕಿ. ಹಳೇ ಫೋನ್ ಕೊಡುವ ಮೊದಲು ಫೋಟೋಗಳನ್ನು ಬೇರೆ ಕಡೆ ಉಳಿಸಿಕೊಂಡು, ಅಕೌಂಟಿನಿಂದ ಲಾಗ್ ಔಟ್ ಆಗಿ, ಆಮೇಲೆ ರೀಸೆಟ್ ಮಾಡಿ. ಲಾಗ್ ಔಟ್ ಆಗದೆ ರೀಸೆಟ್ ಮಾಡಿದರೆ ಫೋನು ಮತ್ತೆ ನಿಮ್ಮ ಪಾಸ್‌ವರ್ಡನ್ನೇ ಕೇಳಬಹುದು, ಆಗ ತಗೊಂಡವರು ನಿಮ್ಮನ್ನೇ ಹುಡುಕಿಕೊಂಡು ಬರಬೇಕಾಗುತ್ತದೆ.